ಸುಲಿಯೋ ಕಾಲ, ಮಲಗದ ಮಗ

ಪ್ರಶ್ನೆ: ಅಕ್ಕಾ, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮೂರು ಎಕರೆ ಅಡಿಕೆ ತೋಟ ಇದೆ. ಮಗನಿಗೆ ಎರಡು ವರ್ಷ ಒಂಬತ್ತು ತಿಂಗಳು. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾದ ಮೇಲೆ ರಾತ್ರಿ 11.30 ಆಗದೆ ಅವನು ಮಲಗುತ್ತಿಲ್ಲ. ಎಲ್ಲರೂ ಅಂಗಳದಲ್ಲಿ ಸುಲಿಯುತ್ತಾ ಕೂತಿರುತ್ತೇವೆ, ಅವನೂ ಅಲ್ಲೇ. ಒಳಗೆ ಎತ್ತಿಕೊಂಡು ಹೋದರೆ ಅತ್ತು ಊರೇ ಒಂದು ಮಾಡುತ್ತಾನೆ. ಕೊನೆಗೆ ಮಾವ ಮೊಬೈಲ್ ಕೊಟ್ಟು ಸುಮ್ಮನಾಗಿಸುತ್ತಾರೆ. ಬೆಳಿಗ್ಗೆ 8.30ಕ್ಕೆ ಏಳುತ್ತಾನೆ. ಮಧ್ಯಾಹ್ನ 2ಕ್ಕೆ ಮಲಗಿದರೆ ಏಳುವುದು 4.30ಕ್ಕೆ. ಅತ್ತೆ, "ನಾವೂ ಮಕ್ಕಳನ್ನ ಪಕ್ಕದಲ್ಲಿ ಹಾಕ್ಕೊಂಡೇ ಸುಲಿದಿದ್ದು, ಯಾರಿಗೆ ಏನಾಯ್ತು?" ಅನ್ನುತ್ತಾರೆ. ಮುಂದಿನ ಜೂನ್‌ಗೆ ಅಂಗನವಾಡಿಗೆ ಕಳಿಸಬೇಕು. ನಿದ್ದೆ ಸಾಲದೆ ಅವನ ಬುದ್ಧಿಗೆ ತೊಂದರೆ ಆಗುತ್ತಾ ಅಂತ ಭಯ. ಏನು ಮಾಡಲಿ?

ಉತ್ತರ: ತಂಗೀ, ನಿನ್ನ ಕಾಗದ ಓದುವಾಗ ನಮ್ಮ ಮನೆಯ ಅಂಗಳವೇ ಕಣ್ಣ ಮುಂದೆ ಬಂತು. ನಾನು ಮೂವತ್ತು ವರ್ಷ ಅಂಗನವಾಡಿ ಟೀಚರ್ ಆಗಿದ್ದವಳು. ಡಿಸೆಂಬರ್, ಜನವರಿ ಬಂತೆಂದರೆ ನಮ್ಮೂರ ಮಕ್ಕಳು ತೂಕಡಿಸಿಕೊಂಡೇ ಬರುತ್ತಿದ್ದರು. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೂತಲ್ಲೇ ಕಣ್ಣು ಮುಚ್ಚುತ್ತಿದ್ದರು. ಹಸಿ ಅಡಿಕೆ ಸಿಪ್ಪೆ ಮುಟ್ಟಿ ಮುಟ್ಟಿ ಬೆರಳ ತುದಿಯೆಲ್ಲ ಕಪ್ಪು. ಯಾರ ಮನೆಯಲ್ಲಿ ಸುಲಿಯುವುದು ಶುರುವಾಗಿದೆ ಅಂತ ಆ ಪುಟ್ಟ ಬೆರಳು ನೋಡಿದರೇ ನನಗೆ ಗೊತ್ತಾಗುತ್ತಿತ್ತು.

ಮೊದಲು ನಿನ್ನ ಭಯಕ್ಕೆ ಉತ್ತರ ಹೇಳುತ್ತೇನೆ. ನೀನು ಬರೆದ ಗಂಟೆಗಳನ್ನೇ ಕೂಡಿಸೋಣ. ರಾತ್ರಿ 11.30ರಿಂದ ಬೆಳಿಗ್ಗೆ 8.30, ಒಂಬತ್ತು ಗಂಟೆ. ಮಧ್ಯಾಹ್ನ ಎರಡೂವರೆ ಗಂಟೆ. ಒಟ್ಟು ಹನ್ನೊಂದೂವರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಒಂದು, ಎರಡು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಮೂರು ತುಂಬಿದ ಮೇಲೆ 10ರಿಂದ 13 ಸಾಕು. ಅಂದರೆ ನಿನ್ನ ಮಗನಿಗೆ ನಿದ್ದೆ ತೀರಾ ಕಡಿಮೆ ಆಗಿಲ್ಲ. ನಿದ್ದೆಯ ಹೊತ್ತು ಜಾರಿದೆ, ಅಷ್ಟೇ. ಅದನ್ನು ಹಿಂದಕ್ಕೆ ತರಬಹುದು. ಬುದ್ಧಿಗೆ ಏನಾಗುತ್ತೋ ಅನ್ನುವ ಚಿಂತೆ ಬಿಡು.

ಇನ್ನು ನಿನ್ನ ಅತ್ತೆಯವರ ಮಾತು. ಅದನ್ನು ನೀನು ತಳ್ಳಿಹಾಕಬೇಡ. ಅವರು ಹೇಳುವುದು ನಿಜ. ನಾನು ಮದುವೆಯಾಗಿ ಬಂದಾಗ ನಮ್ಮ ಮನೆಯಲ್ಲೂ ಹಾಗೇ ಇತ್ತು. ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಹತ್ತು ಹನ್ನೆರಡು ಜನ ಸಾಲಾಗಿ ಕೂರುತ್ತಿದ್ದರು. ಹಿಂದೆ ಗೋಣಿಚೀಲ ಹಾಸಿ, ಕಂಬಳಿ ಹೊದಿಸಿ ಮಕ್ಕಳನ್ನು ಮಲಗಿಸುತ್ತಿದ್ದರು. ಯಾರೋ ಒಬ್ಬರು ಕತೆ ಹೇಳುತ್ತಿದ್ದರು. ಏಳೂವರೆಗೆಲ್ಲ ಮಕ್ಕಳು ಮಲಗಿಬಿಡುತ್ತಿದ್ದವು. ಆದರೆ ಆಗ ಅಂಗಳದಲ್ಲಿದ್ದದ್ದು ಎರಡು ಲಾಟೀನು. ಅದರ ಬೆಳಕು ಸುಲಿಯುವವರ ಕೈ ಮೇಲೆ ಬಿದ್ದರೆ ಹೆಚ್ಚು. ಮಕ್ಕಳು ಮಲಗಿದ ಕಡೆ ಬರೀ ಕತ್ತಲೆ.

ಈಗ ನಿಮ್ಮ ಅಂಗಳ ಹೇಗಿದೆ ಅಂತ ಇವತ್ತು ರಾತ್ರಿ ಒಂದು ಸಲ ನೋಡು. ಎಲ್ಇಡಿ ಬಲ್ಬು ಹಗಲಿನ ಹಾಗೆ ಉರಿಯುತ್ತಿರುತ್ತದೆ. ಅದು ಸಾಲದು ಅಂತ ಮೊಬೈಲ್ ಬೆಳಕು ನೇರ ಅವನ ಮುಖಕ್ಕೆ. ಕತ್ತಲಾದ ಮೇಲೆ ನಮ್ಮ ಮೈಯಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಏರಬೇಕು. ಜೋರು ಬೆಳಕು ಅದನ್ನು ತಡೆಯುತ್ತದೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳಿಗೆ ಇದು ಜಾಸ್ತಿ ತಾಗುತ್ತದೆ. ಮಗ ಹಟಮಾರಿ ಅಲ್ಲ ತಂಗೀ. ಅವನ ಮೈಗೆ ಇನ್ನೂ ರಾತ್ರಿ ಆಗಿಲ್ಲ. ಅತ್ತೆಯವರ ಹತ್ತಿರ ಇದನ್ನೇ ಹೇಳು. "ನಿಮ್ಮ ಕಾಲದಲ್ಲಿ ಕತ್ತಲೆ ಇತ್ತು ಅತ್ತೆ, ಇವನಿಗೂ ಸ್ವಲ್ಪ ಕತ್ತಲೆ ಮಾಡಿಕೊಡೋಣ" ಅನ್ನು. ನಿಮ್ಮದು ತಪ್ಪು ಅಂದರೆ ಯಾರೂ ಕೇಳುವುದಿಲ್ಲ. ಇದನ್ನು ಕೇಳುತ್ತಾರೆ.

ಹೊತ್ತನ್ನು ಹಿಂದಕ್ಕೆ ತರುವುದು ಬೆಳಿಗ್ಗೆಯಿಂದ ಶುರುವಾಗಬೇಕು. ಎಲ್ಲರೂ ರಾತ್ರಿ ಬೇಗ ಮಲಗಿಸಲು ಹೋಗಿ ಸೋಲುತ್ತಾರೆ. ನೀನು ಬೇಗ ಎಬ್ಬಿಸು. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ. 8.30 ಇದ್ದದ್ದು 8.15, ಆಮೇಲೆ 8. ಹೀಗೆ 7ಕ್ಕೆ ಬರಲಿ. ಎದ್ದ ಕೂಡಲೇ ಬಾಗಿಲ ಹೊರಗೆ ಎತ್ತಿಕೊಂಡು ಹೋಗು. ಮಂಜು ಇದ್ದರೆ ಕಿವಿಗೆ ಟೋಪಿ ಹಾಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ದೆ ತಾನೇ ಬೇಗ ಬರುತ್ತದೆ. ಮಧ್ಯಾಹ್ನ ಊಟ 12.30ಕ್ಕೆ ಮುಗಿಸಿ 1ಕ್ಕೆ ಮಲಗಿಸು, 2.30ಕ್ಕೆ ಎಬ್ಬಿಸು. ಆ ಹೊತ್ತಲ್ಲಿ ನಿನಗೆ ಕೈತುಂಬ ಕೆಲಸ, ಮಲಗಿರಲಿ ಬಿಡು ಅನ್ನಿಸುತ್ತದೆ. ನನಗೂ ಅನ್ನಿಸುತ್ತಿತ್ತು. ಆದರೆ ನಾಲ್ಕೂವರೆವರೆಗೆ ಮಲಗಿದ ಮಗು ಒಂಬತ್ತಕ್ಕೆ ಹೇಗೆ ಮಲಗೀತು? ಎರಡು ವಾರದಲ್ಲಿ ಅವನ ರಾತ್ರಿ 9ಕ್ಕೆ ಬಂದು ನಿಲ್ಲುತ್ತದೆ. ಆಗಲೂ ಒಟ್ಟು ನಿದ್ದೆ ಅದೇ ಹನ್ನೊಂದೂವರೆ ಗಂಟೆ.

ಸಂಜೆಯ ಹೊತ್ತಿಗೆ ಬಂದರೆ, ಬಚ್ಚಲ ಒಲೆಯಲ್ಲಿ ಹೇಗೂ ಬೆಂಕಿ ಇರುತ್ತದೆ. ಏಳು ಗಂಟೆಗೆ ಬಿಸಿನೀರು ಹಾಕು. ಕೂದಲು ನೆನೆಸಬೇಡ, ಮೈಗೆ ಮಾತ್ರ. ಬಿಸಿನೀರು ಸ್ನಾನ ಮಾಡಿ ಹೊರಬಂದ ಮೇಲೆ ಮೈಯ ಕಾವು ಇಳಿಯುತ್ತಾ ಬರುತ್ತದೆ, ಆಗಲೇ ನಿದ್ದೆ ಎಳೆಯುತ್ತದೆ. ಆಮೇಲೆ ಮೆತ್ತಗೆ ಮಾಡಿದ ಅನ್ನ, ತಿಳಿಸಾರು, ತುಪ್ಪ. ಗಂಜಿ ಇಷ್ಟಪಟ್ಟರೆ ಅದೇ. ಒಂದು ಮಾತು ಕೇಳಲೇಬೇಕು. ರಾತ್ರಿ ಸುಲಿಯುವವರಿಗೆ ಕಾಫಿ ಕೊಡುತ್ತೀರಲ್ಲ, ಆಗ ಅವನ ಲೋಟಕ್ಕೂ ಒಂದು ಗುಟುಕು ಬೀಳುತ್ತದಾ? ಬಹಳ ಮನೆಗಳಲ್ಲಿ ಬೀಳುತ್ತದೆ. "ಹಾಲೇ ಜಾಸ್ತಿ, ಕಾಫಿ ಚೂರು" ಅನ್ನುತ್ತಾರೆ. ಅದು ಬೇಡ. ಕಾಫಿ, ಚಹಾ ಎರಡೂ ನಿದ್ದೆ ಕೆಡಿಸುತ್ತವೆ. ಊಟದ ಜೊತೆ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶವೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಜೀರಿಗೆ ಕಷಾಯ ಕೊಡಿ. ಎಲ್ಲರ ಕೈಯಲ್ಲೂ ಲೋಟ ಇರುವಾಗ ತನ್ನ ಕೈಯಲ್ಲೂ ಒಂದು ಇರಬೇಕು, ಅಷ್ಟೇ ಅವನ ಆಸೆ.

8.30ಕ್ಕೆ ಒಳಗೆ. ಅಂಗಳದಿಂದ ದೂರದ ಕೋಣೆ ಆರಿಸು. ದೀಪ ಆರಿಸು. ಬಾಗಿಲು ಪೂರ್ತಿ ಹಾಕಬೇಡ, ಬೆರಳು ತೂರುವಷ್ಟು ತೆರೆದಿಡು. ಯಾಕೆ ಗೊತ್ತಾ? ಅವನು ಅಳುವುದು ನಿದ್ದೆ ಬೇಡ ಅಂತ ಅಲ್ಲ. ಎಲ್ಲರೂ ಅಲ್ಲಿದ್ದಾರೆ, ನಗುತ್ತಿದ್ದಾರೆ, ತಾನೊಬ್ಬ ಇಲ್ಲಿ ಅಂತ. ನಮ್ಮ ಮಗಳನ್ನು ಒಳಗೆ ಮಲಗಿಸಿ ಬಾಗಿಲು ಹಾಕಿದಾಗ ಅತ್ತೇ ಅತ್ತಳು. ಒಂದು ದಿನ ಬಾಗಿಲು ಸ್ವಲ್ಪ ತೆರೆದಿಟ್ಟೆ. ಹೊರಗಿನ ಮಾತು ಗುಜುಗುಜು ಕೇಳುತ್ತಿತ್ತು, ಸುಲಿಯುವ ಸದ್ದು ಟಕ್ ಟಕ್ ಅಂತ. ಅವಳು ಕತ್ತಲಲ್ಲೇ ಲೆಕ್ಕ ಹಾಕತೊಡಗಿದಳು. "ಅದು ಅಜ್ಜಿ... ಅದು ಅಪ್ಪ... ಅದು ದೊಡ್ಡಪ್ಪ..." ಮೂರೋ ನಾಲ್ಕೋ ಹೆಸರಿಗೆ ನಿದ್ದೆ ಹೋಗಿದ್ದಳು. ಆಮೇಲೆ ದಿನಾ ಅದೇ ನಮ್ಮ ಜೋಗುಳ ಆಯಿತು.

ಆ ಅರ್ಧ ಗಂಟೆ ಯಾರಾದರೂ ಒಬ್ಬರು ಅವನ ಪಕ್ಕದಲ್ಲಿ ಮಲಗಬೇಕು. ಅದು ನೀನೇ ಆಗಬೇಕೆಂದಿಲ್ಲ. ನಿನ್ನ ಗಂಡ ಹಗಲೆಲ್ಲ ಅಡಿಕೆ ಗೊನೆ ಹೊತ್ತು ದಣಿದಿರುತ್ತಾರೆ, ನಿಜ. ಆದರೆ ಮಗನ ಪಕ್ಕ ಅರ್ಧ ಗಂಟೆ ಮಲಗುವುದು ಅವರ ಬೆನ್ನಿಗೂ ಒಳ್ಳೆಯದೇ. ಸುಲಿಯುವುದು ಕೆಜಿ ಲೆಕ್ಕದ ಆಳುಗಳಿದ್ದರೆ ಮನೆಯವರೊಬ್ಬರು ಎದ್ದರೆ ಏನೂ ಹೆಚ್ಚುಕಮ್ಮಿ ಆಗದು. ಮನೆಯವರೇ ಸುಲಿಯುವುದಾದರೂ ಅರ್ಧ ಗಂಟೆಯಲ್ಲಿ ಎಷ್ಟು ಅಡಿಕೆ ಹಿಂದೆ ಬೀಳುತ್ತದೆ ಹೇಳು? ಬೆಳಿಗ್ಗೆ ಸುಲಿದರಾಯಿತು.

ಮೊದಲ ಮೂರು ನಾಲ್ಕು ರಾತ್ರಿ ಅಳುತ್ತಾನೆ. ಹೊರಗೆ ಕರೆತರಬೇಡ, ಬಿಟ್ಟೂ ಹೋಗಬೇಡ. ಪಕ್ಕದಲ್ಲೇ ಇದ್ದು ಬೆನ್ನು ತಟ್ಟು. ಮಾವನವರಿಗೆ ಮೊದಲೇ ಹೇಳಿಟ್ಟಿರು, ಇಲ್ಲದಿದ್ದರೆ ಮೊಮ್ಮಗ ಅಳುವುದು ಕೇಳಿ ಅವರ ಜೀವ ತಡೆಯದು. ಮೊಬೈಲ್ ವಿಷಯದಲ್ಲಿ ನಮ್ಮ ದೇಶದ ಮಕ್ಕಳ ತಜ್ಞರ ಸಂಘವೂ ಹೇಳಿದೆ. ಎರಡು ವರ್ಷದೊಳಗೆ ಬೇಡವೇ ಬೇಡ. ಎರಡರಿಂದ ಐದು ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಅದನ್ನು ಹಗಲಲ್ಲೇ ಮುಗಿಸಿ. ಮಾವನವರಿಗೆ ಮೊಬೈಲ್ ಬದಲು ಬೇರೆ ಕೆಲಸ ಕೊಡು. ಸಂಜೆ ನಾಲ್ಕಕ್ಕೆ ಮೊಮ್ಮಗನನ್ನು ಅಡಿಕೆ ಹಾಳೆ ಮೇಲೆ ಕೂರಿಸಿ ಅಂಗಳದ ಸುತ್ತ ಎಳೆಯಲಿ. ಹತ್ತು ಸುತ್ತು ಎಳೆದರೆ ಇಬ್ಬರಿಗೂ ರಾತ್ರಿ ಒಳ್ಳೆ ನಿದ್ದೆ.

ಈಗ ನಾನು ಬರೆಯಲೇಬೇಕಾದ ಇನ್ನೊಂದು ವಿಷಯ. ನೀನು ಕೇಳಿಲ್ಲ, ಆದರೂ ಹೇಳುತ್ತೇನೆ.

ನಮ್ಮ ಮಗಳಿಗೆ ಆಗ ಎರಡು ವರ್ಷ. ರಾತ್ರಿ ಹತ್ತು ಗಂಟೆ ಇರಬೇಕು. ನಾನು ಸುಲಿಯುತ್ತಿದ್ದೆ, ಅವಳು ನನ್ನ ಬೆನ್ನಿಗೆ ಒರಗಿ ಕೂತಿದ್ದಳು. ಅವಳ ಆಟದ ಸದ್ದು ನಿಂತಿತು. ತಿರುಗಿ ನೋಡಿದರೆ ಬಾಯಿ ತೆರೆದಿದೆ, ಅಳು ಬರುತ್ತಿಲ್ಲ, ಕೆಮ್ಮೂ ಬರುತ್ತಿಲ್ಲ. ತುಟಿ ನೀಲಿ. ನನ್ನ ಕೈಕಾಲು ಆಡಲಿಲ್ಲ. ನಮ್ಮ ಅತ್ತೆ ಎದ್ದು ಬಂದವರೇ ಅವಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ತಲೆ ಕೆಳಗೆ ಮಾಡಿ, ಬೆನ್ನಿಗೆ ಅಂಗೈಯಿಂದ ಹೊಡೆದರು. ನಾಲ್ಕನೇ ಏಟಿಗೆ ಅಡಿಕೆ ಹೋಳು ಹೊರಗೆ ಬಿತ್ತು. ಹೆಬ್ಬೆರಳ ಉಗುರಿನಷ್ಟು. ಅವಳು ಅತ್ತಾಗ ನನಗೂ ಉಸಿರು ಬಂತು. ಇವತ್ತಿಗೂ ಅಡಿಕೆ ರಾಶಿ ಪಕ್ಕ ಮಗು ಕೂತದ್ದು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಅದಕ್ಕೇ ಹೇಳುತ್ತೇನೆ, ಸುಲಿಯುವ ಜಾಗದಲ್ಲಿ ಐದು ವರ್ಷದೊಳಗಿನ ಮಗು ಬೇಡ. ಅಡಿಕೆ ಗಂಟಲಿಗೆ ಸಿಕ್ಕುವ ವಸ್ತು. ಮೆಟ್ಟುಗತ್ತಿಯ ಅಲಗು ಸರಿಯಾಗಿ ಅವನ ಮುಖದ ಎತ್ತರಕ್ಕೇ ಇರುತ್ತದೆ. ಇನ್ನು ಅಡಿಕೆ ಬೇಯಿಸುವ ಹಂಡೆ. ಕುದಿಯುವ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ನೆಲಮಟ್ಟದಲ್ಲೇ ಇರುತ್ತದೆ, ಬೆಂದ ಅಡಿಕೆ ತೋಡಿ ಹಾಕುವಾಗ ಎಲ್ಲರ ಗಮನ ಅದರ ಮೇಲೆ. ಮಗು ಹಿಂದಿನಿಂದ ಬಂದದ್ದು ಯಾರಿಗೂ ಕಾಣದು. ಒಲೆ ಹೊತ್ತಿಸಿದ ದಿನ ಅವನನ್ನು ನೋಡಿಕೊಳ್ಳುವುದೇ ಒಬ್ಬರ ಕೆಲಸ ಆಗಲಿ. ಅವರು ಅವತ್ತು ಬೇರೆ ಯಾವುದಕ್ಕೂ ಕೈ ಹಾಕಬಾರದು. ಅಕಸ್ಮಾತ್ ಬಿಸಿ ತಾಗಿದರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿದು, ಆಮೇಲೆ ಆಸ್ಪತ್ರೆ. ಪೇಸ್ಟು, ಶಾಯಿ, ಅರಿಶಿನ ಯಾವುದೂ ಹಚ್ಚಬೇಡಿ. ಗಂಟಲಿಗೆ ಸಿಕ್ಕರೆ ನಮ್ಮ ಅತ್ತೆ ಮಾಡಿದ ಹಾಗೆ ಮುಂದಕ್ಕೆ ಬಗ್ಗಿಸಿ, ಭುಜದ ಎರಡು ಮೂಳೆಗಳ ನಡುವೆ ಅಂಗೈಯಿಂದ ಐದು ಏಟು. ಕಾಣದ್ದನ್ನು ತೆಗೆಯಲು ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ.

"ನಂಗೂ ಸುಲೀಬೇಕು" ಅಂತ ಹಟ ಮಾಡಿದರೆ, ಹಗಲಲ್ಲಿ, ನಿನ್ನ ಕಣ್ಣೆದುರು, ಬರೀ ಸಿಪ್ಪೆ ತುಂಬುವ ಕೆಲಸ ಕೊಡು. ಅವನಿಗೇ ಅಂತ ಒಂದು ಸಣ್ಣ ಬುಟ್ಟಿ ಇರಲಿ. ಅಡಿಕೆ ಇಲ್ಲದ ಸಿಪ್ಪೆ ಅಂತ ನೀನು ಮೊದಲು ನೋಡಿಕೊಂಡಿರು.

ಪ್ರಶ್ನೆ: ನಾನು ಸಾಗರದ ಕಡೆಯವಳು, ವಯಸ್ಸು ಅರವತ್ತೆಂಟು. ಮೊಮ್ಮಗಳಿಗೆ ಐದು ತಿಂಗಳು. ನಮ್ಮ ಮನೆಯಲ್ಲೇ ಪೆಟ್ಟಿಗೆ ಇಟ್ಟು ತೆಗೆದ ತುಡುವೆ ಜೇನು ಇದೆ, ಒಂದು ಹನಿ ಸಕ್ಕರೆ ಬೆರಕೆ ಇಲ್ಲ. ಬೆರಳಲ್ಲಿ ಅದ್ದಿ ನೆಕ್ಕಿಸಲು ಹೋದರೆ ಸೊಸೆ ಕೈ ಹಿಡಿದು ತಡೆದಳು. ನನ್ನ ನಾಲ್ಕು ಮಕ್ಕಳೂ ಜೇನು ನೆಕ್ಕಿಯೇ ಬೆಳೆದವರು. ಬೇಜಾರಾಗಿದೆ.

ಉತ್ತರ: ಅಮ್ಮಾ, ನೀವು ನನಗಿಂತ ಹಿರಿಯರು. ನಿಮ್ಮ ಬೇಜಾರು ನನಗೆ ಅರ್ಥವಾಗುತ್ತದೆ. ಮನೆಯ ಜೇನು, ಮೊದಲ ಮೊಮ್ಮಗಳು, ಕೈ ತಾನಾಗಿಯೇ ಹೋಗುತ್ತದೆ. ಆದರೂ ಈ ವಿಷಯದಲ್ಲಿ ನಿಮ್ಮ ಸೊಸೆ ಮಾಡಿದ್ದೇ ಸರಿ.

ಇದು ಕಲಬೆರಕೆಯ ಮಾತಲ್ಲ. ಎಷ್ಟು ಶುದ್ಧ ಜೇನಾದರೂ ಅದರಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಮಣ್ಣಲ್ಲಿ, ಧೂಳಲ್ಲಿ ಇರುವಂಥದ್ದು ಅದು. ದೊಡ್ಡವರ ಹೊಟ್ಟೆಯಲ್ಲಿ ಅದು ಬೆಳೆಯುವುದಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಅಲ್ಲಿ ಬೆಳೆದು ವಿಷ ಬಿಡುತ್ತದೆ. ಅದಕ್ಕೆ ಬಾಟುಲಿಸಂ ಅನ್ನುತ್ತಾರೆ. ಮಗುವಿಗೆ ಮಲ ಕಟ್ಟುತ್ತದೆ, ಹಾಲು ಚೀಪಲು ಆಗುವುದಿಲ್ಲ, ಅಳು ಸಣ್ಣದಾಗುತ್ತದೆ, ಕತ್ತು ನಿಲ್ಲುವುದಿಲ್ಲ. ಉಸಿರಾಟಕ್ಕೇ ಕುತ್ತು ಬರಬಹುದು. ಜೇನು ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ. ಇದು ಬಹಳ ಅಪರೂಪ. ನಿಮ್ಮ ನಾಲ್ಕು ಮಕ್ಕಳಿಗೆ ಏನೂ ಆಗದಿದ್ದದ್ದು ಅದಕ್ಕೇ. ಆದರೆ ಬಂದರೆ ತುಂಬ ಕಷ್ಟ, ಅಲ್ವಾ?

ಆರು ತಿಂಗಳು ತುಂಬುವವರೆಗೆ ತಾಯಿ ಹಾಲು ಮಾತ್ರ ಸಾಕು, ನೀರೂ ಬೇಡ. ಇನ್ನೊಂದು ತಿಂಗಳಿಗೆ ರಾಗಿ ಸರಿ ಶುರು ಮಾಡಬೇಕಲ್ಲ, ಅದು ನಿಮ್ಮ ಕೈಯ ಕೆಲಸ. ರಾಗಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸುವುದು ಈಗಿನವರಿಗೆ ಎಲ್ಲಿ ಬರುತ್ತದೆ? ಈಗಲೇ ಶುರು ಮಾಡಿ, ಸೊಸೆಯನ್ನೂ ಪಕ್ಕ ಕೂರಿಸಿಕೊಳ್ಳಿ. ಉಪ್ಪು, ಬೆಲ್ಲ ಮಾತ್ರ ಒಂದು ವರ್ಷದವರೆಗೆ ಹಾಕಬೇಡಿ. ಆ ಜೇನಿನಲ್ಲಿ ಒಂದು ಸಣ್ಣ ಬಾಟಲಿ ಬೇರೆ ಎತ್ತಿಟ್ಟು ಮೊಮ್ಮಗಳ ಹೆಸರು ಬರೆಯಿರಿ. ಮೊದಲ ಹುಟ್ಟುಹಬ್ಬ ಕಳೆದ ಮೇಲೆ ನೀವೇ ನಿಮ್ಮ ಬೆರಳಿಂದ ನೆಕ್ಕಿಸಿ.

ಪ್ರಶ್ನೆ: ಹೊಸನಗರ ತಾಲ್ಲೂಕಿನವನು ನಾನು. ಕೊಟ್ಟಿಗೆಗೆ ಹಾಸಲು ದರಗು (ಒಣಗಿದೆಲೆ) ತರಲು ಕಾಡಿಗೆ ಹೋಗುವಾಗ ನಾಲ್ಕು ವರ್ಷದ ಮಗಳು ಹಿಂದೆಯೇ ಹೊರಡುತ್ತಾಳೆ. ಮಂಗನ ಕಾಯಿಲೆ ಅಂತ ಹೆಂಡತಿ ಬಿಡುವುದಿಲ್ಲ. ಮಕ್ಕಳು ಕಾಡು ನೋಡದೆ ಬೆಳೆಯಬೇಕಾ?

ಉತ್ತರ: ಕಾಡು ನೋಡಿಯೇ ಬೆಳೆಯಬೇಕು. ಆದರೆ ಈಗ ಬೇಡ, ಮಳೆ ಹಿಡಿದ ಮೇಲೆ ಕರೆದುಕೊಂಡು ಹೋಗಿ. ಈ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ರಕ್ತ ಹೀರುವ ಉಣುಗಿನಿಂದ (ಉಣ್ಣೆ ಹುಳ). ಡಿಸೆಂಬರ್‌ನಿಂದ ಮೇ ತನಕ ಮರಿ ಉಣುಗುಗಳು ಒಣಗಿದೆಲೆಯಲ್ಲಿ ಇರುತ್ತವೆ. ಎಳ್ಳಿನಷ್ಟು ಸಣ್ಣ, ಕಣ್ಣಿಗೆ ಬೀಳುವುದೇ ಕಷ್ಟ. ನೀವು ಹೋಗುವುದೇ ಆ ಒಣಗಿದೆಲೆಗೆ. ಮಗಳು ಅದರಲ್ಲಿ ಕೂತು ಆಡುತ್ತಾಳೆ.

ದರಗಿನ ಜೊತೆ ಉಣುಗು ಮನೆಗೂ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಈ ಕೆಲವು ತಿಂಗಳು ಕೊಟ್ಟಿಗೆಗೆ ಬೇರೆ ಹಾಸು ಸಿಕ್ಕರೆ ಎಷ್ಟೋ ಒಳ್ಳೆಯದು. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಆಶಾ ಕಾರ್ಯಕರ್ತೆಯ ಹತ್ತಿರ ಉಣುಗು ದೂರ ಇಡುವ ಡೆಪಾ ಎಣ್ಣೆ ಕೇಳಿ ಹಚ್ಚಿಕೊಳ್ಳಿ. ವಾಪಸು ಬಂದ ಕೂಡಲೇ ಮಗಳನ್ನು ಎತ್ತಿಕೊಳ್ಳಬೇಡಿ. ಅವಳು ಓಡಿ ಬರುತ್ತಾಳೆ, ಗೊತ್ತು. ಮೊದಲು ಬಚ್ಚಲು, ಬಿಸಿನೀರು, ಸೋಪು. ಬಟ್ಟೆ ಬಿಸಿನೀರಲ್ಲಿ ನೆನೆಯಲಿ. ಆಮೇಲೆ ಎತ್ತಿಕೊಳ್ಳಿ. ದಿನಾ ಅವಳ ಮೈಯನ್ನೂ ನೋಡಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲ ಬುಡ. ಉಣುಗು ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗದೆ ಅವತ್ತೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದು ಹೇಳಿ. ಎಲ್ಲಾದರೂ ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪ್ರಶ್ನೆ: ಶಿವಮೊಗ್ಗದಲ್ಲಿದ್ದೇವೆ. ನಾಲ್ಕು ವರ್ಷದ ಮಗಳು ಚಳಿ ಶುರುವಾದ ಮೇಲೆ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ. ಗದರಿದರೂ ನಿಲ್ಲುತ್ತಿಲ್ಲ.

ಉತ್ತರ: ಗದರುವುದನ್ನು ಇವತ್ತೇ ನಿಲ್ಲಿಸಿ. ಐದು ವರ್ಷದೊಳಗೆ ಇದು ಕಾಯಿಲೆ ಅಲ್ಲ. ನಿದ್ದೆಯಲ್ಲಿ ಆಗುವುದು ಅವಳ ಕೈಯಲ್ಲಿಲ್ಲ. ಚಳಿಗೆ ಬೆವರು ಕಡಿಮೆ, ಮೂತ್ರ ಜಾಸ್ತಿ. ಹಗಲಲ್ಲಿ ಚೆನ್ನಾಗಿ ನೀರು ಕುಡಿಸಿ, ಸಂಜೆ ಮೇಲೆ ಕಡಿಮೆ ಮಾಡಿ. ಮಲಗುವ ಮುಂಚೆ ಒಂದು ಸಲ ಕರೆದುಕೊಂಡು ಹೋಗಿ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಇಡಿ, ಕತ್ತಲೆಗೆ ಹೆದರಿ ಏಳದೆ ಇರಬಹುದು. ಉರಿ, ಜ್ವರ, ಹಗಲಲ್ಲೂ ಒದ್ದೆ, ವಿಪರೀತ ಬಾಯಾರಿಕೆ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಬೆಡ್‌ಶೀಟಿನ ಕೆಳಗೆ ರಬ್ಬರ್ ಶೀಟು ಹಾಕಿ. ಬೆಳಿಗ್ಗೆ ಸುಮ್ನೆ ಬಟ್ಟೆ ಬದಲಾಯಿಸಿ. ನೆಂಟರು ಬಂದಾಗ ಅವಳ ಎದುರು ಈ ಮಾತು ಎತ್ತಬೇಡಿ.